ಕಿಲೋಮೀಟರು ಏರಿತು, ನಾಡಿಯೂ ಏರಿತು: ಒಂದು ಮ್ಯಾರಥಾನ್ ತಯಾರಿಯ ಪ್ರಕರಣ ಅಧ್ಯಯನ

2024ರ ಜನವರಿ 21ರ ಭಾನುವಾರ ನಡೆದ ಮುಂಬೈ ಮ್ಯಾರಥಾನಿನಲ್ಲಿ ಮೈಸೂರಿನ ನಮ್ಮ ಓಟದ ಗುಂಪಿನ ಸದಸ್ಯೆಯೊಬ್ಬರು 42.195 ಕಿಲೋಮೀಟರ್ ದೂರವನ್ನು 5 ಗಂಟೆ 12 ನಿಮಿಷಗಳಲ್ಲಿ ಮುಗಿಸಿದರು. ಹಿಂದಿನ ವರ್ಷ ಇದೇ ಓಟಕ್ಕೆ ಅವರು ತೆಗೆದುಕೊಂಡಿದ್ದ ಸಮಯ 4 ಗಂಟೆ 41 ನಿಮಿಷ. ಈ ಸಲ 16 ವಾರಗಳ ಅಭ್ಯಾಸವನ್ನು ಒಂದು ದಿನವೂ ಅಲಕ್ಷ್ಯ ಮಾಡದೆ ನಡೆಸಿ, 4 ಗಂಟೆ 25 ನಿಮಿಷದ ಗುರಿಯನ್ನು ಇಟ್ಟುಕೊಂಡಿದ್ದರು. ಹಿಂದಿಗಿಂತ ಹೆಚ್ಚು ಓಡಿ, ಹಿಂದಿಗಿಂತ ಹೆಚ್ಚು ಶಿಸ್ತಿನಿಂದ ತಯಾರಾದವರು ಹಿಂದಿಗಿಂತ 31 ನಿಮಿಷ ನಿಧಾನವಾದದ್ದು ಹೇಗೆ ಎಂಬುದೇ ಈ ಪ್ರಕರಣದ ಪ್ರಶ್ನೆ. ಉತ್ತರ ಸಿಕ್ಕಿದ್ದು ಫೆಬ್ರವರಿಯಲ್ಲಿ. ಆದರೆ ಆ ಉತ್ತರದ ಅರ್ಧ ಭಾಗ ನವೆಂಬರಿನಿಂದಲೇ ನಮ್ಮೆಲ್ಲರ ಕಣ್ಣೆದುರು, ನಾವೇ ತುಂಬುತ್ತಿದ್ದ ವಾರದ ಪಟ್ಟಿಯಲ್ಲಿ ಇತ್ತು. ಉಳಿದರ್ಧ ಆ ಪಟ್ಟಿಯಲ್ಲಿ ಇರಲು ಸಾಧ್ಯವೇ ಇರಲಿಲ್ಲ. ಈ ಎರಡೂ ಸಂಗತಿಗಳು ನಮ್ಮ ಗುಂಪಿಗೆ ಮಾತ್ರ ಸಂಬಂಧಿಸಿದವಲ್ಲ ಎಂದು ನನಗೆ ಅನ್ನಿಸಿದ್ದರಿಂದ, ಆ ಓಟಗಾರ್ತಿಯ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಕರಡನ್ನು ಅವರು ಎರಡು ಸಲ ಓದಿ ತಿದ್ದಿದ್ದಾರೆ. ಹೆಸರು ಬೇಡವೆಂದಿದ್ದಾರೆ.

ಗುಂಪಿನ ಬಗ್ಗೆ ಮೊದಲು ಹೇಳಬೇಕು. ನಾವು ಒಂಬತ್ತು ಮಂದಿ, ಆರು ಗಂಡಸರು ಮತ್ತು ಮೂವರು ಹೆಂಗಸರು. ನಮಗೆ ಕೋಚ್ ಇಲ್ಲ. ವಾರದ ದಿನಗಳಲ್ಲಿ ಕುಕ್ಕರಹಳ್ಳಿ ಕೆರೆಯ ಸುತ್ತ ಮತ್ತು ಮಾನಸಗಂಗೋತ್ರಿಯ ರಸ್ತೆಗಳಲ್ಲಿ, ಶನಿವಾರ ಚಾಮುಂಡಿ ಬೆಟ್ಟದ ಏರಿನಲ್ಲಿ, ಭಾನುವಾರ ಶ್ರೀರಂಗಪಟ್ಟಣದ ಕಡೆಗೋ ಲಲಿತಮಹಲ್ ರಸ್ತೆಯ ಕಡೆಗೋ ಲಾಂಗ್ ರನ್ (ವಾರದ ದೀರ್ಘ ಓಟ), ಇಷ್ಟು ನಮ್ಮ ಕ್ರಮ. ಪ್ರತಿ ಭಾನುವಾರ ರಾತ್ರಿ ಎಲ್ಲರೂ ಒಂದು ಹಂಚಿಕೆಯ ಪಟ್ಟಿಯಲ್ಲಿ ತಮ್ಮ ವಾರದ ಸಾಲನ್ನು ತುಂಬುತ್ತಾರೆ: ದಿನವಾರು ದೂರ, ವಾರದ ಒಟ್ಟು, ಲಾಂಗ್ ರನ್‌ನ ದೂರ ಮತ್ತು ಪೇಸ್ (ಒಂದು ಕಿಲೋಮೀಟರಿಗೆ ಹಿಡಿದ ಸಮಯ), ನಿರಾಯಾಸ ವೇಗದ ಈಸಿ ರನ್‌ನಲ್ಲಿ ಸರಾಸರಿ ಹೃದಯ ಬಡಿತ, ಬೆಳಗ್ಗೆ ಹಾಸಿಗೆಯಲ್ಲಿರುವಾಗಿನ ನಾಡಿ, ನಿದ್ದೆಯ ಗಂಟೆಗಳು, ಕೊನೆಯಲ್ಲಿ ಟಿಪ್ಪಣಿಗೆಂದು ಒಂದು ಅಂಕಣ. ಲೆಕ್ಕಪತ್ರದ ವೃತ್ತಿಯವನಾದ ನಾನು ಈ ಪಟ್ಟಿಯನ್ನು 2019ರಲ್ಲಿ ಸಿದ್ಧಪಡಿಸಿದೆ. ಸೋಮವಾರ ಬೆಳಗ್ಗೆ ಎಲ್ಲರ ಒಟ್ಟು ಕಿಲೋಮೀಟರುಗಳನ್ನು ಇಳಿಕೆ ಕ್ರಮದಲ್ಲಿ ಜೋಡಿಸಿ ವಾಟ್ಸಾಪ್‌ಗೆ ಹಾಕುವುದು ನನ್ನ ಕೆಲಸವಾಗಿತ್ತು. ಇಳಿಕೆ ಕ್ರಮ ಎಂಬ ಮಾತನ್ನು ಓದುಗರು ನೆನಪಿನಲ್ಲಿಡಬೇಕು.

ಪ್ರಕರಣದ ಓಟಗಾರ್ತಿಗೆ ಆಗ 44 ವರ್ಷ. ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ತೂಕ 56 ಕಿಲೋ, ಸಸ್ಯಾಹಾರಿ, ಓಡಲು ತೊಡಗಿ ಐದು ವರ್ಷಗಳಾಗಿದ್ದವು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹಳೆಯ ಗಾಯ, ಯಾವುದೂ ಇರಲಿಲ್ಲ.

ಅವರ 16 ವಾರಗಳ ತಯಾರಿ 2023ರ ಅಕ್ಟೋಬರ್ 2ರಂದು ಆರಂಭವಾಯಿತು. ಮೊದಲ ವಾರ 38 ಕಿಲೋಮೀಟರ್, ನಂತರ 42, 45. ನಾಲ್ಕನೆಯ ವಾರದಲ್ಲಿ, ಅಕ್ಟೋಬರ್ 24ರಂದು ಜಂಬೂಸವಾರಿ ಇದ್ದುದರಿಂದಲೂ ಅದು ಹೇಗೂ ವಿಶ್ರಾಂತಿಯ ವಾರವಾಗಿದ್ದುದರಿಂದಲೂ 36ಕ್ಕೆ ಇಳಿಸಿದರು. ಆಮೇಲೆ 48, 52, 55, ಮತ್ತೆ ಇಳಿಸಿ 44. ಅನಂತರ 58, 62, 64, ಇಳಿಸಿ 50. ಡಿಸೆಂಬರಿನ ಕೊನೆಯ ವಾರದಲ್ಲಿ ಗರಿಷ್ಠ 66, ಅದರಲ್ಲಿ 32 ಕಿಲೋಮೀಟರಿನ ಒಂದು ಲಾಂಗ್ ರನ್. ಹದಿಮೂರು ವಾರಗಳಿಗೆ 660 ಕಿಲೋಮೀಟರ್. ಅಲ್ಲಿಂದ ಮುಂದೆ ಟೇಪರ್, ಅಂದರೆ ಓಟದ ಹೊರೆಯನ್ನು ಕ್ರಮವಾಗಿ ತಗ್ಗಿಸುವ ಅವಧಿ: 48, 36, ಕೊನೆಗೆ ಓಟದ ವಾರ. ಮೂರು ವಾರ ಏರಿಸಿ ಒಂದು ವಾರ ಇಳಿಸುವ ಈ ಕ್ರಮದಲ್ಲಿ ದೋಷ ಹುಡುಕುವುದು ಕಷ್ಟ. ಸೋಮವಾರದ ನನ್ನ ಪಟ್ಟಿಯಲ್ಲಿ ಡಿಸೆಂಬರಿನ ಮೂರು ವಾರ ಅವರ ಹೆಸರೇ ಮೊದಲು ಬಂತು. ಅಭಿನಂದನೆಗಳು ಬಂದವು. ಗುಂಪಿಗೆ ಹೊಸದಾಗಿ ಸೇರಿದವರಿಗೆ ಈ ಸಾಲನ್ನು ಮಾದರಿಯೆಂದು ನಾನೇ ತೋರಿಸಿದ್ದೆ.

ಓಟದ ದಿನ ನಡೆದದ್ದು ಹೀಗೆ. ಮುಂಬೈಯ ಫುಲ್ ಮ್ಯಾರಥಾನ್ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಬಳಿ ಬೆಳಕು ಹರಿಯುವ ಮುಂಚೆಯೇ ಹೊರಡುತ್ತದೆ. ಮೆರೀನ್ ಡ್ರೈವ್, ಪೆಡ್ಡರ್ ರಸ್ತೆ, ಹಾಜಿ ಅಲಿ, ವರ್ಲಿ ದಾಟಿ 5.6 ಕಿಲೋಮೀಟರ್ ಉದ್ದದ ಸೀ ಲಿಂಕ್ ಸೇತುವೆಯ ಮೇಲೆ ಬಾಂದ್ರಾಕ್ಕೆ ಹೋಗಿ, ಮಾಹಿಮ್ ಕಡೆಯಿಂದ ಹಿಂದಿರುಗುವ ದಾರಿ ಅದು. ಹಿಂದಿರುಗುವಾಗ ಬಿಸಿಲು ಏರಿರುತ್ತದೆ, ಸಮುದ್ರದ ತೇವದಿಂದ ಬೆವರು ಆರುವುದಿಲ್ಲ. ಕಾಲು ಸೋತಿರುವ 36ನೇ ಕಿಲೋಮೀಟರಿನ ಆಸುಪಾಸಿನಲ್ಲಿ ಪೆಡ್ಡರ್ ರಸ್ತೆಯ ಏರು ಎದುರಾಗುತ್ತದೆ. ಚಾಮುಂಡಿ ಬೆಟ್ಟ ಹತ್ತಿ ಅಭ್ಯಾಸವಿರುವವರಿಗೆ ಅದು ಏರೇ ಅಲ್ಲ. ಆದರೆ ಆ ಹೊತ್ತಿಗೆ ಅದು ಏರೆಂದೇ ಲೆಕ್ಕ.

ನಮ್ಮ ಓಟಗಾರ್ತಿ ಮೊದಲ ಅರ್ಧವನ್ನು 2 ಗಂಟೆ 13 ನಿಮಿಷಕ್ಕೆ, ಕಿಲೋಮೀಟರಿಗೆ 6:18ರ ಪೇಸ್‌ನಲ್ಲಿ, ಗುರಿಗೆ ಸರಿಯಾಗಿ ಮುಗಿಸಿದರು. 23ನೇ ಕಿಲೋಮೀಟರಿನಿಂದ ಪೇಸ್ ಇಳಿಯತೊಡಗಿತು. 30 ಕಿಲೋಮೀಟರ್ ದಾಟುವಾಗ 3 ಗಂಟೆ 16 ನಿಮಿಷ ಆಗಿತ್ತು. ಅಲ್ಲಿಂದ ಕೊನೆಯವರೆಗಿನ ಸುಮಾರು 12 ಕಿಲೋಮೀಟರಿಗೆ 1 ಗಂಟೆ 56 ನಿಮಿಷ ಹಿಡಿಯಿತು. ಅದರಲ್ಲಿ ಬಹುಭಾಗ ನಡಿಗೆ. ಸೆಳೆತವಿರಲಿಲ್ಲ, ವಾಂತಿಯಿರಲಿಲ್ಲ, ತಲೆಸುತ್ತಿರಲಿಲ್ಲ. ರಾತ್ರಿ ಅವರು ಹೇಳಿದ ಮಾತನ್ನು ಬರೆದಿಟ್ಟುಕೊಂಡಿದ್ದೇನೆ: “ನೋವು ಅಂತ ಏನೂ ಇಲ್ಲ ಸರ್. ಉಸಿರು ಸಾಕಾಗಲಿಲ್ಲ, ಅಷ್ಟೇ. ದೀಪದಲ್ಲಿ ಎಣ್ಣೆ ಮುಗಿದ ಹಾಗೆ ಆಯ್ತು.”

ಎಣ್ಣೆ ಮುಗಿಯುವುದು ಮ್ಯಾರಥಾನಿನಲ್ಲಿ ಹೊಸತಲ್ಲ. ಓಟಗಾರರು ಇದನ್ನೇ ‘ಗೋಡೆಗೆ ಬಡಿಯುವುದು’ ಎನ್ನುತ್ತಾರೆ. ಯಕೃತ್ತು ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ರೂಪದಲ್ಲಿ ಸಂಗ್ರಹವಾಗುವ ಪಿಷ್ಟ ಸುಮಾರು 400ರಿಂದ 500 ಗ್ರಾಂ, ಅಂದರೆ ಹೆಚ್ಚೆಂದರೆ 2,000 ಕ್ಯಾಲೊರಿ. ಓಟಕ್ಕೆ ಒಂದು ಕಿಲೋ ತೂಕಕ್ಕೆ ಒಂದು ಕಿಲೋಮೀಟರಿಗೆ ಹತ್ತಿರ ಹತ್ತಿರ ಒಂದು ಕ್ಯಾಲೊರಿ ಬೇಕು ಎಂಬ ಲೆಕ್ಕದಂತೆ 56 ಕಿಲೋದವರಿಗೆ ಇಡೀ ಮ್ಯಾರಥಾನಿಗೆ 2,360 ಕ್ಯಾಲೊರಿ ಬೇಕಾಗುತ್ತದೆ. ಕೊರತೆಯ ಒಂದು ಪಾಲನ್ನು ಕೊಬ್ಬು ತುಂಬುತ್ತದೆ, ಇನ್ನೊಂದು ಪಾಲನ್ನು ದಾರಿಯಲ್ಲಿ ತಿನ್ನುವುದು ತುಂಬಬೇಕು. ಆದ್ದರಿಂದ ನಮ್ಮ ಮೊದಲ ಅನುಮಾನ ಆಹಾರದ ಮೇಲೆಯೇ ಹೋಯಿತು. ಆದರೆ ಅವರು 40 ನಿಮಿಷಕ್ಕೊಂದರಂತೆ ಜೆಲ್, ಅಂದರೆ ಓಡುತ್ತಲೇ ಸೇವಿಸುವ ಪಿಷ್ಟದ ಪೊಟ್ಟಣ, ತೆಗೆದುಕೊಂಡಿದ್ದರು. ಇದು ಗಂಟೆಗೆ 35 ಗ್ರಾಂ ಪಿಷ್ಟದ ಹತ್ತಿರ ಬರುತ್ತದೆ. ಸಾಮಾನ್ಯವಾಗಿ ಸೂಚಿಸುವ 30ರಿಂದ 60 ಗ್ರಾಂನ ಮಿತಿಯೊಳಗೇ ಇದೆ. ಇದೇ ಜೆಲ್‌ಗಳನ್ನು 28, 30, 32 ಕಿಲೋಮೀಟರಿನ ಲಾಂಗ್ ರನ್‌ಗಳಲ್ಲಿ ಪರೀಕ್ಷಿಸಿದ್ದರು. ಮೇಲಾಗಿ ಗ್ಲೈಕೋಜನ್ ಮುಗಿದವರಿಗೆ 23ನೇ ಕಿಲೋಮೀಟರಿಗೇ ಹೀಗಾಗುವುದು ಅಪರೂಪ.

ಎರಡನೆಯ ಅನುಮಾನ ವೇಗದ್ದು. ಆರಂಭದಲ್ಲಿ ಅತಿಯಾಗಿ ಓಡಿ ಕೊನೆಗೆ ಕುಸಿಯುವುದು ಹವ್ಯಾಸಿಗಳಲ್ಲಿ ತೀರಾ ಸಾಮಾನ್ಯ. ಮೊದಲ 21 ಕಿಲೋಮೀಟರುಗಳ ಒಂದೊಂದು ಕಿಲೋಮೀಟರಿನ ಸಮಯವನ್ನೂ ವಾಚ್‌ನಿಂದ ತೆಗೆದು ನೋಡಿದೆ. ಏರಿಳಿತ ಹತ್ತು ಸೆಕೆಂಡಿನೊಳಗೆ ಇತ್ತು. ಇಷ್ಟು ಸಮನಾಗಿ ಓಡುವುದು ನಮ್ಮಲ್ಲಿ ಇನ್ನಾರಿಗೂ ಬರುವುದಿಲ್ಲ.

ಮೂರನೆಯದು ಹವೆ. ಸಮುದ್ರಮಟ್ಟದಿಂದ 750 ಮೀಟರಿಗಿಂತ ಎತ್ತರದಲ್ಲಿರುವ ಮೈಸೂರಿನ ಡಿಸೆಂಬರ್ ಮುಂಜಾವಿನ ಒಣ ಚಳಿಯಲ್ಲಿ ತಯಾರಾದವರಿಗೆ ಮುಂಬೈಯ ತೇವ ಭಾರವೇ. ಇದು ಕಾರಣದ ಒಂದು ಪಾಲು ಎಂದು ಈಗಲೂ ಒಪ್ಪುತ್ತೇನೆ. ಆದರೆ ಅದೇ ಬೆಳಗ್ಗೆ ಅದೇ ದಾರಿಯಲ್ಲಿ ನಮ್ಮ ಗುಂಪಿನ ಇನ್ನೂ ಮೂವರು ಓಡಿದ್ದರು. ತಮ್ಮ ತಮ್ಮ ಗುರಿಗಿಂತ ಅವರು 4, 7 ಮತ್ತು 11 ನಿಮಿಷ ತಡವಾಗಿ ಮುಗಿಸಿದರು. ಹವೆಯ ಪಾಲು ಹೆಚ್ಚೆಂದರೆ 11 ನಿಮಿಷ ಎಂದಿಟ್ಟುಕೊಂಡರೂ, ಗುರಿಗೂ ಇವರ ಸಮಯಕ್ಕೂ ಇದ್ದ 47 ನಿಮಿಷದ ಅಂತರದಲ್ಲಿ 36 ನಿಮಿಷ ವಿವರಣೆಯಿಲ್ಲದೆ ಉಳಿಯುತ್ತದೆ. ನೀರಿನ ವಿಚಾರವನ್ನೂ ಪರಿಶೀಲಿಸಿದೆವು. ನಾಲ್ಕು ಗಂಟೆಗಿಂತ ಹೆಚ್ಚು ಕಾಲ ಓಡುವವರಲ್ಲಿ ಕಡಿಮೆ ಕುಡಿಯುವುದರಷ್ಟೇ ಅತಿಯಾಗಿ ಕುಡಿದು ರಕ್ತದ ಸೋಡಿಯಂ ತಗ್ಗಿಸಿಕೊಳ್ಳುವುದೂ ಅಪಾಯ. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ ಓಟ ಮುಗಿಸಿದ 488 ಜನರ ರಕ್ತವನ್ನು ಪರೀಕ್ಷಿಸಿದಾಗ ಶೇ. 13ರಷ್ಟು ಮಂದಿಯಲ್ಲಿ ಸೋಡಿಯಂ ಮಿತಿಗಿಂತ ಕೆಳಗಿತ್ತು. ಆದರೆ ಅಂಥವರಲ್ಲಿ ಕಾಣುವ ತಲೆನೋವು, ವಾಕರಿಕೆ, ಗೊಂದಲ ಇವರಲ್ಲಿ ಕಾಣಲಿಲ್ಲ.

ಇಷ್ಟಾದ ಮೇಲೆ “ಆ ದಿನ ಸರಿಯಿರಲಿಲ್ಲ” ಎಂಬ ತೀರ್ಮಾನಕ್ಕೆ ಬಂದು ನಾವು ಸುಮ್ಮನಾದೆವು. ಓಟಗಾರರಲ್ಲಿ ಈ ಮಾತು ಸುಲಭವಾಗಿ ಬರುತ್ತದೆ, ಎಷ್ಟೋ ಸಲ ನಿಜವೂ ಆಗಿರುತ್ತದೆ. ನಾನು ಪಟ್ಟಿಯನ್ನು ಮುಚ್ಚಿಟ್ಟೆ.

ಫೆಬ್ರವರಿಯ ಎರಡನೆಯ ವಾರದಲ್ಲಿ, ಓಟ ಮುಗಿದು ಮೂರು ವಾರ ಕಳೆದ ಮೇಲೂ, ಶಾಲೆಯ ಎರಡನೆಯ ಮಹಡಿ ಹತ್ತುವಾಗ ಅವರಿಗೆ ನಡುವೆ ನಿಲ್ಲಬೇಕಾಗುತ್ತಿತ್ತು. ಕೆರೆಯ ಏರಿಯ ಮೇಲೆ ನಡೆಯುವಾಗ ಈ ಮಾತನ್ನು ಅವರು ಗುಂಪಿನ ಇನ್ನೊಬ್ಬ ಸದಸ್ಯೆಗೆ ಹೇಳಿದರು. ಆಕೆ ವೃತ್ತಿಯಲ್ಲಿ ಪ್ರಯೋಗಾಲಯದ ತಂತ್ರಜ್ಞೆ, ವಯಸ್ಸಿನಲ್ಲಿ ಹತ್ತು ವರ್ಷ ಚಿಕ್ಕವರು. “ಅಕ್ಕ, ಕೊನೇ ಸಲ ರಕ್ತ ಪರೀಕ್ಷೆ ಯಾವಾಗ ಮಾಡಿಸಿದ್ರಿ?” ಎಂದು ಕೇಳಿದರಂತೆ. “ನೆನಪೇ ಇಲ್ಲ ಕಣೇ” ಎಂಬ ಉತ್ತರ ಬಂದ ಮಾರನೆಯ ದಿನವೇ ರಕ್ತ ಕೊಡಿಸಿದರು. ಹಿಮೋಗ್ಲೋಬಿನ್ ಡೆಸಿಲೀಟರಿಗೆ 10.4 ಗ್ರಾಂ ಇತ್ತು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಗರ್ಭಿಣಿಯಲ್ಲದ ವಯಸ್ಕ ಮಹಿಳೆಯರಲ್ಲಿ 12ಕ್ಕಿಂತ ಕೆಳಗಿದ್ದರೆ ಅದು ರಕ್ತಹೀನತೆ. ದೇಹದ ಕಬ್ಬಿಣದ ದಾಸ್ತಾನನ್ನು ಸೂಚಿಸುವ ಫೆರಿಟಿನ್ ಲೀಟರಿಗೆ 8 ಮೈಕ್ರೊಗ್ರಾಂ ಇತ್ತು. ಅದು 15ಕ್ಕಿಂತ ಕೆಳಗಿಳಿದರೆ ದಾಸ್ತಾನು ಬರಿದಾಗಿದೆ ಎಂದೇ ಅರ್ಥ.

ಇಲ್ಲಿ ಒಂದು ಸಂದೇಹವನ್ನು ಬಗೆಹರಿಸಿಕೊಳ್ಳಬೇಕು. ದೀರ್ಘ ದೂರ ಓಡುವವರಲ್ಲಿ ರಕ್ತದ ದ್ರವಭಾಗ ಹೆಚ್ಚುವುದರಿಂದ, ಕೆಂಪು ಕಣಗಳು ಕಡಿಮೆಯಾಗದಿದ್ದರೂ ಹಿಮೋಗ್ಲೋಬಿನ್ ಅಂಕಿ ಕೊಂಚ ತಗ್ಗಿ ಕಾಣುತ್ತದೆ. ಅದು ರೋಗವಲ್ಲ, ಅಭ್ಯಾಸಕ್ಕೆ ದೇಹ ಹೊಂದಿಕೊಂಡದ್ದರ ಗುರುತು. ಫೆರಿಟಿನ್ ನೋಡುವುದು ಇದಕ್ಕಾಗಿಯೇ. ದೊಡ್ಡ ಓಟದ ನಂತರದ ಕೆಲವು ದಿನ ಉರಿಯೂತದಿಂದಾಗಿ ಫೆರಿಟಿನ್ ನಿಜಕ್ಕಿಂತ ಹೆಚ್ಚಾಗಿ ಕಾಣಬಹುದೇ ಹೊರತು ಕಡಿಮೆಯಾಗಿ ಕಾಣುವುದಿಲ್ಲ. ಆದ್ದರಿಂದ 8 ಎಂಬ ಅಂಕಿಯಲ್ಲಿ ಅನುಮಾನಕ್ಕೆ ಎಡೆಯಿರಲಿಲ್ಲ. ಹಿಮೋಗ್ಲೋಬಿನ್ ಕಡಿಮೆಯಾದಾಗ ಒಂದೊಂದು ಬಡಿತದಲ್ಲಿ ಸ್ನಾಯುಗಳಿಗೆ ತಲುಪುವ ಆಮ್ಲಜನಕ ಕಡಿಮೆಯಾಗುತ್ತದೆ, ಅದನ್ನು ಸರಿದೂಗಿಸಲು ಹೃದಯ ಹೆಚ್ಚು ಸಲ ಬಡಿಯುತ್ತದೆ. ಉಸಿರು ಸಾಕಾಗಲಿಲ್ಲ ಎಂದು ಅವರು ಮುಂಬೈಯಲ್ಲಿ ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಆ ರಾತ್ರಿ ನಾನು ಪಟ್ಟಿಯನ್ನು ಮತ್ತೆ ತೆರೆದೆ. ಈ ಸಲ ಒಟ್ಟು ಕಿಲೋಮೀಟರಿನ ಅಂಕಣವನ್ನು ಮರೆಮಾಡಿ ಉಳಿದವನ್ನು ಓದಿದೆ. ಬೆಳಗಿನ ನಾಡಿ ಮೊದಲ ನಾಲ್ಕು ವಾರ 56 ಇದ್ದದ್ದು ಆರನೆಯ ವಾರ 58, ಎಂಟನೆಯ ವಾರ 60, ಹತ್ತನೆಯ ವಾರ 63, ಹದಿಮೂರನೆಯ ವಾರ 66 ಆಗಿತ್ತು. ಕುಕ್ಕರಹಳ್ಳಿಯ ಮಂಗಳವಾರದ ಈಸಿ ರನ್ ಎರಡನೆಯ ವಾರ ಕಿಲೋಮೀಟರಿಗೆ 7:05ರ ಪೇಸ್‌ನಲ್ಲಿ 138 ಬಡಿತಕ್ಕೆ ಸಾಗಿತ್ತು; ಹನ್ನೊಂದನೆಯ ವಾರ ಅದೇ ದಾರಿ, ಅದೇ ಪೇಸ್, ಆದರೆ ಬಡಿತ 151. ಹದಿಮೂರು ಬಡಿತಗಳ ಈ ಏರಿಕೆಯನ್ನು ವಾಚ್‌ನ ತಪ್ಪೆಂದು ತಳ್ಳಿಹಾಕಬಹುದಿತ್ತು, ಏಕೆಂದರೆ ಮಣಿಕಟ್ಟಿನ ಬೆಳಕಿನ ಸಂವೇದಕ ಎಷ್ಟೋ ಸಲ ಬಡಿತದ ಬದಲು ಹೆಜ್ಜೆಗಳನ್ನೇ ಎಣಿಸುತ್ತದೆ. ಆದರೆ ಹಾಸಿಗೆಯಲ್ಲಿ ಬೆರಳಿಟ್ಟು ಎಣಿಸಿದ ನಾಡಿಯೂ ಅದೇ ದಿಕ್ಕಿನಲ್ಲಿ ಸಾಗಿತ್ತು. ನನ್ನನ್ನು ಹೆಚ್ಚು ಕಲಕಿದ ಸಂಗತಿ ಇನ್ನೊಂದು. ಅಕ್ಟೋಬರಿಗಿಂತ ಡಿಸೆಂಬರಿನ ಮುಂಜಾವು ತಂಪು. ತಂಪಿನಲ್ಲಿ ಅದೇ ವೇಗಕ್ಕೆ ಬಡಿತ ಇಳಿಯಬೇಕು. ಎರಡು ತಿಂಗಳ ಅಭ್ಯಾಸದ ನಂತರವೂ ಇಳಿಯಬೇಕು. ಇಳಿಯಲು ಎರಡು ಕಾರಣಗಳಿರುವಾಗ ಏರಿದ್ದರೆ, ಏರಿಸಿದ ಕಾರಣ ಸಣ್ಣದಿರಲಾರದು.

ಬರಿಯ ದಣಿವು ಇರಬಹುದಿತ್ತಲ್ಲವೇ? ಅದನ್ನೂ ಪಟ್ಟಿಯೇ ಅಲ್ಲಗಳೆಯುತ್ತದೆ. ದಣಿವಿನಿಂದ ಏರಿದ ನಾಡಿ ವಿಶ್ರಾಂತಿಯ ವಾರದಲ್ಲಿ ಮೊದಲಿನ ಮಟ್ಟಕ್ಕೆ ಬರುತ್ತದೆ. ಹನ್ನೆರಡನೆಯ ವಾರ, 64ರಿಂದ 50 ಕಿಲೋಮೀಟರಿಗೆ ಇಳಿಸಿದಾಗ, ನಾಡಿ 64ರಿಂದ 62ಕ್ಕೆ ಬಂತು, ಅಷ್ಟೇ. ಟೇಪರ್‌ನ ಎರಡನೆಯ ವಾರದಲ್ಲಿ, ಕೇವಲ 36 ಕಿಲೋಮೀಟರ್ ಓಡಿದಾಗಲೂ, 64 ಇತ್ತು.

ಟಿಪ್ಪಣಿಯ ಅಂಕಣವನ್ನು ಓದಿದಾಗ ಇನ್ನೂ ಸಂಕಟವಾಯಿತು. ಮೊದಲ ವಾರಗಳ ಟಿಪ್ಪಣಿಗಳು ಎರಡು ಮೂರು ವಾಕ್ಯಗಳಷ್ಟು ಉದ್ದ: ಕೆರೆಯಲ್ಲಿ ಕಂಡ ಹಕ್ಕಿ, ಹೊಸ ಶೂ ಕಚ್ಚಿದ್ದು, ನಂದಿಯವರೆಗೆ ನಿಲ್ಲದೆ ಹತ್ತಿದ ಖುಷಿ. ಏಳನೆಯ ವಾರದಿಂದ ಟಿಪ್ಪಣಿ ಒಂದು ಸಾಲಿಗೆ ಇಳಿಯಿತು. “ಪತ್ರಿಕೆ ತಿದ್ದುವ ಕೆಲಸ, ನಿದ್ದೆ ಕಡಿಮೆ.” ಹತ್ತನೆಯ ವಾರ: “ಶಾಲೆಯ ಮೆಟ್ಟಿಲಿನಲ್ಲಿ ಏದುಸಿರು.” ಅದಕ್ಕೆ ಒಬ್ಬರು “ಶನಿವಾರ ಬೆಟ್ಟ ಹತ್ತಿದ ದಣಿವು ಇರಬೇಕು” ಎಂದು ಉತ್ತರಿಸಿದ್ದರು. ನಾನು ಹೆಬ್ಬೆರಳೆತ್ತಿದ ಮೆಚ್ಚುಗೆಯ ಗುರುತು ಒತ್ತಿದ್ದೆ. ಹನ್ನೊಂದನೆಯ ವಾರದಿಂದ ಅಂಕಣ ಖಾಲಿ. ಕಿಲೋಮೀಟರುಗಳು ಏರಿದಂತೆಲ್ಲ ಮಾತು ಕಡಿಮೆಯಾದದ್ದು ಎದ್ದು ಕಾಣುತ್ತದೆ, ಹುಡುಕಬೇಕಾಗಿಯೂ ಇಲ್ಲ. ಆದರೆ ನಾವು ಯಾರೂ ಆ ದೃಷ್ಟಿಯಿಂದ ನೋಡಿರಲಿಲ್ಲ, ಏಕೆಂದರೆ ಸೋಮವಾರ ಬೆಳಗ್ಗೆ ನಾನು ಕಳುಹಿಸುತ್ತಿದ್ದ ಸಂದೇಶದಲ್ಲಿ ಇದ್ದದ್ದು ಹೆಸರು ಮತ್ತು ಒಟ್ಟು ದೂರ ಮಾತ್ರ. ಪಟ್ಟಿಯ ಎಂಟು ಅಂಕಣಗಳಲ್ಲಿ ಒಂದನ್ನು ನಾನು ಫಲಿತಾಂಶವಾಗಿ ಮಾಡಿದ್ದೆ, ಉಳಿದ ಏಳನ್ನು ಅಲಂಕಾರವಾಗಿ ಮಾಡಿದ್ದೆ.

ಇಷ್ಟು ಪಟ್ಟಿಯಲ್ಲಿದ್ದ ಅರ್ಧ. ಇನ್ನರ್ಧದ ಬಗ್ಗೆ ಬರೆಯಬೇಕೋ ಬೇಡವೋ ಎಂದು ನಾನು ಹಿಂಜರಿದಾಗ, ಬರೆಯಲೇಬೇಕು ಎಂದವರು ಅವರು. ಕಬ್ಬಿಣ ಹೋದದ್ದು ಎಲ್ಲಿಗೆ ಎಂದು ವೈದ್ಯರು ಕೇಳಿದ ಮೊದಲ ಪ್ರಶ್ನೆಗೇ ಕಾರಣ ಹೊರಬಂತು. ಋತುಬಂಧಕ್ಕೆ ಮುಂಚಿನ ವರ್ಷಗಳಲ್ಲಿ ಅನೇಕರಿಗೆ ಆಗುವಂತೆ ಅವರ ಮುಟ್ಟಿನ ಚಕ್ರ 24 ದಿನಗಳಿಗೆ ಇಳಿದಿತ್ತು, ಸ್ರಾವ ಏಳೆಂಟು ದಿನ, ಅದೂ ಹೆಚ್ಚಾಗಿ, ಆಗಸ್ಟಿನಿಂದಲೇ ಇತ್ತು. ಒಂದು ಚಕ್ರದಲ್ಲಿ 80 ಮಿಲಿಲೀಟರಿಗಿಂತ ಹೆಚ್ಚು ರಕ್ತ ಹೋದರೆ ಅದನ್ನು ಅತಿಸ್ರಾವ ಎನ್ನುತ್ತಾರೆ. ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಅಂದರೆ ಕನಿಷ್ಠ 40 ಮಿಲಿಗ್ರಾಂ. 24 ದಿನಗಳಿಗೆ ಹಂಚಿದರೆ ದಿನಕ್ಕೆ 1.7 ಮಿಲಿಗ್ರಾಂ. ಚರ್ಮ, ಕರುಳು ಮತ್ತು ಬೆವರಿನ ಮೂಲಕ ಎಲ್ಲರಿಗೂ ದಿನಕ್ಕೆ ಸುಮಾರು 1 ಮಿಲಿಗ್ರಾಂ ಹೋಗುತ್ತದೆ. ಊಟದಿಂದ ದೇಹ ಸಾಮಾನ್ಯವಾಗಿ ಹೀರಿಕೊಳ್ಳುವುದು ದಿನಕ್ಕೆ 1ರಿಂದ 2 ಮಿಲಿಗ್ರಾಂ. ಆದಾಯಕ್ಕಿಂತ ಖರ್ಚು ಪ್ರತಿದಿನ ಹೆಚ್ಚಾಗಿರುವ ಖಾತೆ ಇದು. ಓಟ ತನ್ನ ಪಾಲನ್ನೂ ಸೇರಿಸುತ್ತದೆ. ಅಂಗಾಲು ನೆಲಕ್ಕೆ ಬಡಿಯುವಾಗ ಒಂದಷ್ಟು ಕೆಂಪು ಕಣಗಳು ಒಡೆಯುತ್ತವೆ. ದೀರ್ಘ ಓಟದ ನಂತರದ ಮೂರರಿಂದ ಆರು ಗಂಟೆಗಳಲ್ಲಿ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚಾಗಿ ಬಿಡುಗಡೆ ಮಾಡುತ್ತದೆ, ಅದು ಕರುಳು ಕಬ್ಬಿಣ ಹೀರುವುದನ್ನು ತಡೆಯುತ್ತದೆ. ಆ ಹೊತ್ತಿನಲ್ಲೇ ನಾವೆಲ್ಲ ಭಾನುವಾರದ ಓಟ ಮುಗಿಸಿ ಹೋಟೆಲಿಗೆ ಹೋಗಿ ಇಡ್ಲಿಯ ಜೊತೆಗೆ ಎರಡೆರಡು ಲೋಟ ಫಿಲ್ಟರ್ ಕಾಫಿ ಕುಡಿಯುತ್ತಿದ್ದೆವು. ಊಟದ ಜೊತೆಗಿನ ಕಾಫಿ ಸಸ್ಯಾಹಾರದಲ್ಲಿನ ಕಬ್ಬಿಣದ ಹೀರಿಕೆಯನ್ನು ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತಗ್ಗಿಸಬಲ್ಲದು, ಚಹಾ ಇನ್ನೂ ಹೆಚ್ಚು. ದಿನವೂ ರಾಗಿ ಮತ್ತು ಸೊಪ್ಪು ತಿನ್ನುತ್ತೇನಲ್ಲ ಎಂಬುದು ಅವರ ನಂಬಿಕೆಯಾಗಿತ್ತು. ರಾಗಿಯಲ್ಲಿ ಕಬ್ಬಿಣವಿದೆ, ಅದನ್ನು ಹಿಡಿದಿಡುವ ಫೈಟೇಟ್ ಕೂಡ ಇದೆ.

ಇದು ಅಪರೂಪದ ದುರದೃಷ್ಟವಲ್ಲ. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಹಾಗಿರುವಾಗ ಮೂವರು ಮಹಿಳೆಯರಿರುವ ಓಟದ ಗುಂಪೊಂದು ಶೂ, ಜೆಲ್, ವಾಚ್‌ಗಳ ಬಗ್ಗೆ ಐದು ವರ್ಷ ಚರ್ಚಿಸಿಯೂ ಹಿಮೋಗ್ಲೋಬಿನ್ ಎಂಬ ಪದವನ್ನು ಒಮ್ಮೆಯೂ ಬಳಸಿರಲಿಲ್ಲ. ಹಳೆಯ ಸಂದೇಶಗಳಲ್ಲಿ ಹುಡುಕಿಯೇ ಈ ಮಾತನ್ನು ಬರೆಯುತ್ತಿದ್ದೇನೆ.

ಅವರು ಆಗಸ್ಟಿನಿಂದಲೂ ತಿಳಿದಿದ್ದ ಸಂಗತಿಯನ್ನು ಪಟ್ಟಿಯಲ್ಲಿ ಬರೆಯಲಿಲ್ಲ. ಬರೆಯುವುದಾದರೂ ಹೇಗೆ? ಆರು ಗಂಡಸರು ಓದುವ ಪಟ್ಟಿ ಅದು. ಅದರಲ್ಲಿ ಒಬ್ಬರು ಅವರ ಶಾಲೆಯ ವಿದ್ಯಾರ್ಥಿಯ ತಂದೆ. ನಿದ್ದೆ ಕಡಿಮೆ ಎಂದು ಬರೆಯಬಹುದು, ಪತ್ರಿಕೆ ತಿದ್ದುವ ಕೆಲಸ ಎಂದು ಬರೆಯಬಹುದು. ಆ ಎರಡೂ ಸುಳ್ಳಲ್ಲ. ಆದರೆ ಹೇಳಬಹುದಾದ ಕಾರಣಗಳು ಸಿಕ್ಕಿದ್ದರಿಂದಲೇ ಹೇಳಲಾಗದ ಕಾರಣವನ್ನು ಯಾರೂ ಕೇಳಲಿಲ್ಲ. ಕ್ರಮೇಣ ಅವರಿಗೂ ಆ ಹೇಳಬಹುದಾದ ಕಾರಣಗಳೇ ನಿಜವೆನ್ನಿಸತೊಡಗಿದವಂತೆ. ಹಂಚಿಕೊಂಡ ದಾಖಲೆಯ ಮಿತಿ ಇದು ಎಂದು ನನ್ನ ಅಭಿಪ್ರಾಯ: ಎಲ್ಲರೆದುರು ಹೇಳಬಹುದಾದದ್ದು ಮಾತ್ರ ಅದರಲ್ಲಿ ಉಳಿಯುತ್ತದೆ, ಮತ್ತು ಬರೆದವರು ಕೂಡ ತಮ್ಮ ದೇಹವನ್ನು ಆ ದಾಖಲೆಯ ಮೂಲಕವೇ ನೋಡಲು ತೊಡಗುತ್ತಾರೆ. ಆದರೂ ಹಂಚಿಕೆಯನ್ನೇ ತಪ್ಪೆನ್ನಲು ನಾನು ಸಿದ್ಧನಿಲ್ಲ. ಪಟ್ಟಿ ಇಲ್ಲದಿದ್ದರೆ 138 ಮತ್ತು 151ರ ನಡುವಿನ ಅಂತರ ನಮಗೆ ಎಂದೂ ತಿಳಿಯುತ್ತಿರಲಿಲ್ಲ. ಚಳಿಯ ಬೆಳಗ್ಗೆ ಎದ್ದು ಕೆರೆಗೆ ಬರಲು ಐದು ವರ್ಷ ಅವರಿಗೆ ಒತ್ತಾಸೆಯಾಗಿದ್ದದ್ದೂ ಅದೇ ಪಟ್ಟಿ.

ಚಿಕಿತ್ಸೆ ಸರಳವಾಗಿತ್ತು, ನಿಧಾನವಾಗಿತ್ತು. ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶದ ಗಡ್ಡೆಗಳಿಲ್ಲವೆಂದು ಖಚಿತವಾದ ಮೇಲೆ ಸ್ರಾವ ತಗ್ಗಿಸಲು ಸ್ತ್ರೀರೋಗ ತಜ್ಞರು ಔಷಧ ಕೊಟ್ಟರು. ಕಬ್ಬಿಣದ ಮಾತ್ರೆಯನ್ನು ದಿನವೂ ಅಲ್ಲ, ದಿನ ಬಿಟ್ಟು ದಿನ, ಬೆಳಗ್ಗೆ ನಿಂಬೆರಸದ ಜೊತೆ ತೆಗೆದುಕೊಳ್ಳಲು ಹೇಳಿದರು. ಒಂದು ಮಾತ್ರೆಯಿಂದಲೇ ಹೆಪ್ಸಿಡಿನ್ ಏರಿ ಮರುದಿನದ ಮಾತ್ರೆಯ ಹೀರಿಕೆ ತಗ್ಗುವುದರಿಂದ ಈ ಕ್ರಮ. ಕಾಫಿ ಬಿಡಲಿಲ್ಲ, ತಿಂಡಿಗೆ ಒಂದು ಗಂಟೆ ಮುಂಚೆಗೆ ಸರಿಸಿದರು. ಏಪ್ರಿಲ್ ತನಕ ನಡಿಗೆ ಮಾತ್ರ. ಅದೇ ತಿಂಗಳ 28ರಂದು ಬೆಂಗಳೂರಿನಲ್ಲಿ ನಡೆದ 10 ಕಿಲೋಮೀಟರ್ ಓಟಕ್ಕೆ ನಾವೆಲ್ಲ ಹೋದಾಗ ಅವರು ಬಿಬ್ (ಓಟಗಾರರ ಸಂಖ್ಯೆಯ ಚೀಟಿ) ಬಿಟ್ಟುಕೊಟ್ಟು ದಾರಿಬದಿಯಲ್ಲಿ ನಿಂತಿದ್ದರು. ಜುಲೈಯಲ್ಲಿ ಹಿಮೋಗ್ಲೋಬಿನ್ 12.7, ಫೆರಿಟಿನ್ 33. ಆಗಸ್ಟಿನ ಒಂದು ಮಂಗಳವಾರ ಕೆರೆಯ ಸುತ್ತ 7:05ರ ಪೇಸ್‌ನಲ್ಲಿ ಬಡಿತ 140 ಬಂತು. 2025ರ ಜನವರಿ 19ರಂದು ಮತ್ತೆ ಮುಂಬೈಯಲ್ಲಿ, ವಾರಕ್ಕೆ 54 ಕಿಲೋಮೀಟರನ್ನು ಎಂದೂ ಮೀರದ ತಯಾರಿಯಲ್ಲಿ, 4 ಗಂಟೆ 34 ನಿಮಿಷಕ್ಕೆ ಮುಗಿಸಿದರು. ಪೆಡ್ಡರ್ ರಸ್ತೆಯನ್ನು ನಡೆಯದೆ ಹತ್ತಿದರು.

ಪಟ್ಟಿಯನ್ನೂ ಬದಲಿಸಿದೆವು. ಈಗ ಮೊದಲ ಅಂಕಣ ಬೆಳಗಿನ ನಾಡಿ, ಅದೂ ಅವರವರ ಕಳೆದ ನಾಲ್ಕು ವಾರಗಳ ಸರಾಸರಿಗೆ ಹೋಲಿಸಿ. ಎರಡು ವಾರ ಸತತವಾಗಿ ಐದು ಬಡಿತ ಏರಿದರೆ ಆ ಸಾಲಿಗೆ ಬಣ್ಣ ಬರುತ್ತದೆ. ಒಟ್ಟು ದೂರದ ಇಳಿಕೆ ಕ್ರಮದ ಸಂದೇಶವನ್ನು ನಿಲ್ಲಿಸಿದ್ದೇನೆ. ಮೂವರು ಮಹಿಳೆಯರು ತಮಗೆ ಮಾತ್ರ ಕಾಣುವ ಬೇರೆ ಹಾಳೆಯೊಂದನ್ನು ಮಾಡಿಕೊಂಡಿದ್ದಾರೆ. ಎಲ್ಲರೂ ವರ್ಷಕ್ಕೆ ಎರಡು ಸಲ, ತಯಾರಿ ಆರಂಭಿಸುವ ಮುಂಚೆ ಮತ್ತು ಗರಿಷ್ಠ ವಾರಗಳಿಗೆ ಮುಂಚೆ, ರಕ್ತ ಪರೀಕ್ಷೆ ಮಾಡಿಸುತ್ತೇವೆ. ಈ ಚರ್ಚೆ ನಡೆಯುವಾಗ ಗಂಡಸರಲ್ಲಿ ಒಬ್ಬರು ತಾವು ಎರಡು ವರ್ಷದಿಂದ ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುತ್ತಿರುವುದಾಗಿ ಮೊದಲ ಬಾರಿಗೆ ಹೇಳಿದರು. ಅದು ಹೃದಯ ಬಡಿತವನ್ನು ಹಿಡಿದಿಡುವ ಬಗೆಯ ಮಾತ್ರೆ. ಅವರ ನಾಡಿಯ ಅಂಕಣವನ್ನು ಇಷ್ಟು ದಿನ ನಾವು ಒಳ್ಳೆಯ ದೇಹಸ್ಥಿತಿಯ ಗುರುತೆಂದು ಓದುತ್ತಿದ್ದೆವು.

ಕರಡನ್ನು ಓದಿದ ಮೇಲೆ ಓಟಗಾರ್ತಿ ಒಂದು ಆಕ್ಷೇಪ ಎತ್ತಿದರು, ಅದನ್ನು ಹಾಗೆಯೇ ದಾಖಲಿಸುವುದು ನ್ಯಾಯ. “ನೀವು ಅಂಕಣ ಎಷ್ಟು ಸೇರಿಸಿದ್ರೂ ನಾನು ಆಗ ಬರೀತಿರಲಿಲ್ಲ ಸರ್. ಅವತ್ತು ಏದುಸಿರು ಅಂತ ಬರೆದಾಗ ಯಾರಾದ್ರೂ ಒಬ್ಬರು ಫೋನ್ ಮಾಡಿ ಯಾಕೆ ಅಂತ ಕೇಳಿದ್ದಿದ್ರೆ ಹೇಳ್ತಿದ್ದೆನೋ ಏನೋ.” ಆ ಮೇಲೆ ಒಂದು ಏರ್ಪಾಡು ಮಾಡಿಕೊಂಡೆವು. ಪ್ರತಿಯೊಬ್ಬರ ಸಾಲನ್ನು ಓದುವ ಹೊಣೆ ಇನ್ನೊಬ್ಬರದು, ಆ ಇನ್ನೊಬ್ಬರನ್ನು ಆರಿಸಿಕೊಳ್ಳುವವರು ಸಾಲಿನ ಒಡೆಯರೇ. ಸೋಮವಾರ ಸಂಜೆ ಫೋನ್ ಮಾಡಬೇಕು, ಟಿಪ್ಪಣಿ ಖಾಲಿಯಿದ್ದರೆ ತಪ್ಪದೆ ಮಾಡಬೇಕು. ಅವರು ಆರಿಸಿಕೊಂಡದ್ದು ಕೆರೆಯ ಏರಿಯ ಮೇಲೆ ರಕ್ತ ಪರೀಕ್ಷೆಯ ಬಗ್ಗೆ ಕೇಳಿದ ಆ ತಂತ್ರಜ್ಞೆಯನ್ನು. ನನ್ನ ಪಾಲಿಗೆ ಬಂದಿರುವುದು ರಕ್ತದೊತ್ತಡದ ಮಾತ್ರೆಯವರ ಸಾಲು.